ಫೇಸ್‌ವಾಶ್‌ಗಿಂತ ಮುಂಚೆ

ಹೋದ ತಿಂಗಳು ಊರಿಗೆ ಹೋದಾಗ ನನ್ನ ಬ್ಯಾಗಿನಿಂದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರೂ ಈಚೆ ಬಂದವು. ಅಪ್ಪ ಒಂದೊಂದನ್ನೇ ಎತ್ತಿ ನೋಡಿ, "ಗಂಡಸರಿಗೂ ಇದೆಲ್ಲ ಬೇಕೇನೋ?" ಅಂದರು. ಆಫೀಸಲ್ಲೂ ಅಷ್ಟೇ. ಬಿಸಿಲಿಗೆ ಹೊರಡೋ ಮುಂಚೆ ಸನ್‌ಸ್ಕ್ರೀನ್ ಹಚ್ಚಿಕೊಂಡರೆ "ಏನ್ ಗುರೂ, ಹೀರೋ ಆಗೋ ಪ್ಲಾನಾ?" ಅಂತ ಒಬ್ಬರಾದರೂ ಕೇಳ್ತಾರೆ. ಗಂಡಸು ಚರ್ಮ ನೋಡಿಕೊಳ್ಳೋದು ಮೊನ್ನೆ ಮೊನ್ನೆ ಮಾಲ್‌ನಿಂದ ಬಂದ ಚಾಳಿ ಅನ್ನೋದು ಎಲ್ಲರ ನಂಬಿಕೆ.

ಹಾಗೇನಿಲ್ಲ. ವಾತ್ಸ್ಯಾಯನನ ಕಾಮಸೂತ್ರ ಅಂದರೆ ನಮಗೆ ನೆನಪಾಗೋದೇ ಬೇರೆ. ಆದರೆ ಅದರ ಮೊದಲ ಭಾಗದಲ್ಲೇ 'ನಾಗರಕ'ನ, ಅಂದರೆ ಪಟ್ಟಣದ ಅನುಕೂಲಸ್ಥ ಗಂಡಸಿನ ದಿನಚರಿ ಇದೆ. ದಿನಾ ಸ್ನಾನ. ದಿನ ಬಿಟ್ಟು ದಿನ ಮೈ ತಿಕ್ಕಿಸಿಕೊಳ್ಳೋದು. ಮೂರು ದಿನಕ್ಕೊಮ್ಮೆ ನೊರೆ ಬರುವ ವಸ್ತು. ನಾಲ್ಕು ದಿನಕ್ಕೊಮ್ಮೆ ಕ್ಷೌರ. ಕಂಕುಳಿನ ಬೆವರು ಒರೆಸಿಕೊಳ್ಳುತ್ತಿರಬೇಕು ಅನ್ನೋದನ್ನೂ ಬಿಟ್ಟಿಲ್ಲ. ಸಂಜೆ ಆರೂವರೆಯ ಮೆಟ್ರೋದಲ್ಲಿ ನಿಂತವರಿಗೆ ಈ ಮಾತಿನ ಬೆಲೆ ಗೊತ್ತು!

ನಮ್ಮ ನಾಡಿಗೇ ಬನ್ನಿ. 12ನೇ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಅದರಲ್ಲಿ ರಾಜನ ಸುಖಭೋಗಗಳ ಪಟ್ಟಿಯಲ್ಲಿ ಊಟ, ತಾಂಬೂಲದ ಜೊತೆ ಸ್ನಾನಕ್ಕೂ ಪ್ರತ್ಯೇಕ ಜಾಗ ಇದೆ. ಸುಗಂಧ ತೈಲ ಹಚ್ಚಿಸಿಕೊಳ್ಳುವುದು, ಆಮೇಲೆ ಜಿಡ್ಡು ತೆಗೆಸುವುದು, ಎಲ್ಲದಕ್ಕೂ ಕ್ರಮ.

ಆದರೆ ಆ ಎಣ್ಣೆ ತಿಕ್ಕಿದ ಕೈ ಯಾರದ್ದು? ಕತ್ತಿ ಹಿಡಿದವರು ಯಾರು? ಅವರ ಹೆಸರು ಪುಸ್ತಕಗಳಲ್ಲಿ ಸಿಗೋದಿಲ್ಲ.

ನನಗೆ ನಮ್ಮ ತಾತನ ಕ್ಷೌರ ನೆನಪಿದೆ. ಹದಿನೈದು ದಿನಕ್ಕೊಮ್ಮೆ ಒಬ್ಬರು ಹಡಪ ಹಿಡ್ಕೊಂಡು ಬರೋರು. ಕ್ಷೌರ ನಡೀತಿದ್ದುದು ಹಿತ್ತಿಲಲ್ಲಿ, ಕಲ್ಲಿನ ಮೇಲೆ. ಕತ್ತಿ ಮಸೆಯೋ ಸದ್ದು, ಕೊನೆಗೆ ಗಾಯಕ್ಕೆ ಉಜ್ಜೋ ಪಟಿಕ. ಮುಗಿದ ಮೇಲೆ ತಾತ ಯಾರನ್ನೂ ಮುಟ್ಟದೆ ಸೀದಾ ಬಚ್ಚಲಿಗೆ. ಸ್ನಾನ ಆಗೋ ತನಕ ಮೈಲಿಗೆ! ಗಂಟಲಿನ ಮೇಲೆ ಕತ್ತಿ ಆಡಿಸೋಕೆ ಬಿಡುವಷ್ಟು ನಂಬಿಕೆ, ಆದರೆ ಜಗಲಿ ಮೇಲೆ ಕೂರಿಸುವಷ್ಟು ಇಲ್ಲ. ಆಯಗಾರಿಕೆ ನಡೆಯುತ್ತಿದ್ದ ಕಾಲದಲ್ಲಿ ಬಡಗಿ, ಕಮ್ಮಾರ, ಅಗಸರ ಹಾಗೆ ನಾಯಿಂದರಿಗೂ ಕೂಲಿ ಅಂತ ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ. ಕೈ ಬೇಕು, ಆ ಕೈಯವರು ಒಳಗೆ ಬರೋದು ಬೇಡ.

ಇನ್ನು ಕೆಲವರಿಗೆ ಆ ಕೈಯೂ ಸಿಗಲಿಲ್ಲ. ಅಂಬೇಡ್ಕರ್ ತಮ್ಮ ಬಾಲ್ಯದ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಸಾತಾರಾದಲ್ಲಿ ಕ್ಷೌರಿಕರಿದ್ದರು, ಇವರ ಮನೆಯವರಿಗೆ ದುಡ್ಡು ಕೊಡುವ ಶಕ್ತಿಯೂ ಇತ್ತು. ಆದರೂ ಅಸ್ಪೃಶ್ಯರ ತಲೆ ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ. ಮನೆಯ ಹುಡುಗರಿಗೆಲ್ಲ ಕೂದಲು ಕತ್ತರಿಸುತ್ತಿದ್ದುದು ಅವರ ಅಕ್ಕ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ನಮ್ಮ ರಾಜ್ಯದ ಹಳ್ಳಿಗಳಿಂದ ಈಗಲೂ ಆಗಾಗ ಬರುತ್ತಿರುತ್ತದೆ.

ಈ ಕಥೆಯಲ್ಲಿ ಕೈ ಬದಲಾಗಿದ್ದು ಒಂದು ತಗಡಿನ ಚೂರಿನಿಂದ. 1903ರಲ್ಲಿ ಅಮೆರಿಕದಲ್ಲಿ ಕಿಂಗ್ ಜಿಲೆಟ್ ತನ್ನ ಸೇಫ್ಟಿ ರೇಜರ್ ಮಾರೋಕೆ ಶುರು ಮಾಡಿದಾಗ ಆ ವರ್ಷ ಹೋಗಿದ್ದು 51 ರೇಜರ್, 168 ಬ್ಲೇಡ್ ಅಷ್ಟೇ. ಮಾರನೇ ವರ್ಷ ರೇಜರ್ ಮಾರಾಟ 90 ಸಾವಿರ ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಹೋಗಿದ್ದು ಸುಮಾರು 35 ಲಕ್ಷ. ಗಂಡಸರು ದಿನಾ ತಾವೇ ಗಡ್ಡ ಹೆರೆದುಕೊಳ್ಳೋದು ರೂಢಿಯಾಯಿತು. ನಮ್ಮ ಮನೆಗೆ ಆ ರೂಢಿ ತಂದವರು ಅಪ್ಪ. ಹಿತ್ತಿಲ ಕಲ್ಲು ಬಟ್ಟೆ ಒಗೆಯೋಕೆ ಹೋಯ್ತು.

ಬ್ಲೇಡ್ ಬಂದು ಮೈಲಿಗೆ ಹೋಯ್ತು ಅಂದ್ಕೋಬೇಡಿ. ಮುಟ್ಟಿಸಿಕೊಳ್ಳುವ ಸಂದರ್ಭ ಕಮ್ಮಿ ಆಯ್ತು, ಅಷ್ಟೇ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಅವತ್ತು ರಾತ್ರಿ ಅಪ್ಪನ್ನ ಕೇಳಿದೆ, "ತಾತನಿಗೆ ಕ್ಷೌರ ಮಾಡ್ತಿದ್ದವರ ಹೆಸರೇನಪ್ಪಾ?" ಅಪ್ಪ ಬಾಯಿ ತೆರೆದು ಅವರ ಜಾತಿಯ ಹೆಸರು ಹೇಳಿದರು. "ಅದಲ್ಲಪ್ಪಾ, ಅವರ ಹೆಸರು." ತುಂಬಾ ಹೊತ್ತು ಯೋಚಿಸಿದರು. ಗೊತ್ತಿರಲಿಲ್ಲ. ಮೂವತ್ತು ವರ್ಷ ನಮ್ಮನೆಗೆ ಬಂದ ಮನುಷ್ಯ! ಬೆಂಗಳೂರಲ್ಲಿ ನಾನು ಆ್ಯಪ್‌ನಲ್ಲಿ ಬುಕ್ ಮಾಡೋ ಸ್ಟೈಲಿಸ್ಟ್ ಹೆಸರು ಫೋಟೋ ಸಮೇತ ಬರುತ್ತೆ. ಅದನ್ನೂ ನಾನು ಸ್ಟಾರ್ ಕೊಡುವಾಗ ಮಾತ್ರ ಓದ್ತೀನಿ.

"ಅವರ ಮಗ ಪೇಟೆಯಲ್ಲಿ ಸಲೂನ್ ಇಟ್ಟಿದ್ದಾನೆ, ಅವನನ್ನ ಕೇಳಿದ್ರೆ ಗೊತ್ತಾಗುತ್ತೆ" ಅಂದರು ಅಪ್ಪ. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಪೇಟೆಗೆ ಹೊರಟೆ. ಈ ಸಲ ಅಪ್ಪ ಏನೂ ಅನ್ನಲಿಲ್ಲ. ತಾವೂ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು.