ಗುಣವಾದ ಮೇಲಿನ ಓಟ

ಲಂಡನ್ ಮ್ಯಾರಥಾನ್ ಓಡುವ ಸಾವಿರಾರು ಜನರ ನಡುವೆ ಒಂದು ಸಣ್ಣ ಗುಂಪು ಇರುತ್ತದೆ. ಒಂದು ಕಾಲಕ್ಕೆ ಈಟಿಂಗ್ ಡಿಸಾರ್ಡರ್‌ನಿಂದ, ಅಂದರೆ ಊಟದೊಂದಿಗೆ ಮನಸ್ಸು ಜಗಳಕ್ಕಿಳಿಯುವ ಕಾಯಿಲೆಯಿಂದ, ನರಳಿ ಗುಣವಾದವರು ಅವರು. ಅದೇ ಕಾಯಿಲೆಯವರಿಗೆ ನೆರವಾಗುವ ಸಂಸ್ಥೆಗೆ ಹಣ ಕೂಡಿಸಲು 42.195 ಕಿಲೋಮೀಟರ್ ಓಡುತ್ತಾರೆ. ಈ ಪದ್ಧತಿ ಹುಟ್ಟುವ ಮುಂಚೆ ಎರಡು ಕೆಲಸ ಆಗಬೇಕಿತ್ತು. ಕಾಯಿಲೆಗೆ ಹೆಸರು ಸಿಗಬೇಕಿತ್ತು, ಓಟಕ್ಕೂ ದಾನಕ್ಕೂ ನಂಟು ಬೀಳಬೇಕಿತ್ತು. ಎರಡರ ಚರಿತ್ರೆಯಲ್ಲೂ ಲಂಡನ್ನಿನ ಪಾಲು ದೊಡ್ಡದು.

ಉಣ್ಣಲಾರದೆ ಸೊರಗಿಹೋಗುವ ರೋಗಿಗಳ ವಿವರವನ್ನು ರಿಚರ್ಡ್ ಮಾರ್ಟನ್ ಎಂಬ ಇಂಗ್ಲಿಷ್ ವೈದ್ಯ 1689ರಷ್ಟು ಹಿಂದೆಯೇ ಬರೆದಿಟ್ಟಿದ್ದ. ಆದರೆ ಕಾಯಿಲೆಗೆ ಇಂದಿನ ಹೆಸರು ಬಂದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಸರ್ ವಿಲಿಯಂ ಗಲ್ ಅವರಿಂದ. 1873ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕ್ಲಿನಿಕಲ್ ಸೊಸೈಟಿಯಲ್ಲಿ ಅವರು ಓದಿದ ಪ್ರಬಂಧ ಮರುವರ್ಷ ಅಚ್ಚಾಯಿತು. 'ಅನೊರೆಕ್ಸಿಯಾ ನರ್ವೋಸಾ' ಎಂಬ ಮಾತು ಅಲ್ಲಿಂದ ಬಂತು. ಅದೇ 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಸೇಗ್ ಕೂಡ ಇದೇ ರೋಗವನ್ನು ಬೇರೆ ಹೆಸರಿನಲ್ಲಿ ವಿವರಿಸಿದರು.

ಗಲ್ ಅವರ ಪ್ರಬಂಧದಲ್ಲಿ 'ಮಿಸ್ ಎ' ಎಂದಷ್ಟೇ ಕರೆದಿರುವ ಹದಿನೇಳರ ಹುಡುಗಿಯೊಬ್ಬಳಿದ್ದಾಳೆ. ಅವರು ಅವಳನ್ನು ಮೊದಲು ನೋಡಿದ್ದು 1866ರ ಜನವರಿಯಲ್ಲಿ. ಮೈಯೆಲ್ಲ ಎಲುಬು ಬಿಟ್ಟುಕೊಂಡಿದ್ದರೂ ಅವಳು ಒಂದು ಕಡೆ ಕೂರುತ್ತಿರಲಿಲ್ಲ; ಸದಾ ಚಡಪಡಿಕೆ, ಸದಾ ಓಡಾಟ. ಇಷ್ಟು ಬಡಕಲಾದ ದೇಹ ಇಷ್ಟೊಂದು ದಣಿವನ್ನು ಹೇಗೆ ತಾಳೀತು ಎಂದು ಗಲ್ ಬೆರಗಾದರು. ಈ ಒಂದು ಅವಲೋಕನಕ್ಕೆ ಮುಂದಿನ ನೂರೈವತ್ತು ವರ್ಷಗಳ ಕಥೆಯಲ್ಲಿ ದೊಡ್ಡ ತೂಕವಿದೆ. ಹೊತ್ತು ಹೊತ್ತಿಗೆ ಉಣಿಸಬೇಕು, ಬೆಚ್ಚಗಿಡಬೇಕು, ಓಡಾಟ ತಗ್ಗಿಸಬೇಕು ಎಂಬುದು ಅವರ ಚಿಕಿತ್ಸೆಯ ಸಾರ. ಮಿಸ್ ಎ ಚೇತರಿಸಿಕೊಂಡಳು. ಕಾಯಿಲೆ ಬಿದ್ದಾಗಿನ ಮುಖ, ಗುಣವಾದ ಮೇಲಿನ ಮುಖ ಎಂದು ಅವಳ ಚಿತ್ರಗಳನ್ನು ಮರದಚ್ಚಿನಲ್ಲಿ ಕೆತ್ತಿಸಿ ಪ್ರಬಂಧದ ಜೊತೆಗೆ ಅಚ್ಚು ಹಾಕಿದರು. ಅಂದಿನ ವೈದ್ಯರಿಗೆ ಆ ಚಿತ್ರಗಳೇ ಪುರಾವೆ. ಇಂದು ಇದೇ ಕ್ಷೇತ್ರದ ಸಂಸ್ಥೆಗಳು ಪತ್ರಕರ್ತರನ್ನು ಕೇಳಿಕೊಳ್ಳುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು: ಅಂದು ಹೀಗಿದ್ದರು, ಇಂದು ಹೀಗಿದ್ದಾರೆ ಎಂಬ ಜೋಡಿ ಚಿತ್ರ ಬೇಡ, ತೂಕದ ಅಂಕಿ ಬೇಡ. ನೋಡಿದ ಇನ್ನೊಬ್ಬ ರೋಗಿಗೆ ಅದೇ ಪೈಪೋಟಿಯಾಗಿಬಿಡುತ್ತದೆ. ಗುಣವಾದದ್ದನ್ನು ಚಿತ್ರವಿಲ್ಲದೆ, ಅಂಕಿಯಿಲ್ಲದೆ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಓಟವೂ ಒಂದು.

ಇಪ್ಪತ್ತನೆಯ ಶತಮಾನದ ಬಹುಭಾಗ ಈ ಕಾಯಿಲೆ ಆಸ್ಪತ್ರೆಯ ಗೋಡೆಯೊಳಗೇ ಉಳಿಯಿತು. 1978ರಲ್ಲಿ ಹಿಲ್ಡೆ ಬ್ರೂಖ್ ಅವರ 'ದಿ ಗೋಲ್ಡನ್ ಕೇಜ್' ಸಾಮಾನ್ಯ ಓದುಗರನ್ನು ತಲುಪಿತು. 1979ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಜೆರಾಲ್ಡ್ ರಸೆಲ್, ಮಿತಿಮೀರಿ ತಿಂದು ಆಮೇಲೆ ಅದನ್ನು ಹೊರಹಾಕಲು ಹೆಣಗುವ ರೋಗಕ್ಕೆ 'ಬುಲಿಮಿಯಾ ನರ್ವೋಸಾ' ಎಂದು ಹೆಸರಿಟ್ಟರು. 1983ರ ಫೆಬ್ರುವರಿಯಲ್ಲಿ ಅಮೆರಿಕದ ಜನಪ್ರಿಯ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಮೂವತ್ತೆರಡನೆಯ ವಯಸ್ಸಿಗೇ ತೀರಿಕೊಂಡಾಗ ಅನೊರೆಕ್ಸಿಯಾ ಎಂಬ ಪದ ಮನೆಮನೆಗೆ ಬಂತು. 1989ರಲ್ಲಿ ಬ್ರಿಟನ್ನಿನಲ್ಲಿ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್ ಹುಟ್ಟಿಕೊಂಡಿತು. ನಾರ್ವಿಚ್ ನಗರದಲ್ಲಿ ಬೇರೂರಿದ ಈ ಸಂಸ್ಥೆ 2007ರಿಂದ 'ಬೀಟ್' ಎಂಬ ಚಿಕ್ಕ ಹೆಸರಿನಿಂದ ಪರಿಚಿತ. ಸಹಾಯವಾಣಿ, ಬೆಂಬಲ ಗುಂಪುಗಳು, ಮನೆಯವರಿಗೆ ತಿಳಿವಳಿಕೆ ಇದರ ಮುಖ್ಯ ಕೆಲಸ. ಬ್ರಿಟನ್ನಿನಲ್ಲಿ ಕನಿಷ್ಠ 12.5 ಲಕ್ಷ ಜನ ಇಂಥ ಕಾಯಿಲೆಗಳಿಂದ ಬಳಲುತ್ತಿದ್ದಾರೆ ಎಂಬುದು ಅದರ ಅಂದಾಜು.

ಓಟದ ಚರಿತ್ರೆ ಬೇರೆ ದಾರಿಯಲ್ಲಿ ಬಂದದ್ದು. ಮ್ಯಾರಥಾನಿನ ಇಂದಿನ ಅಳತೆ 1908ರ ಲಂಡನ್ ಒಲಿಂಪಿಕ್ಸ್‌ನದು. ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದವರೆಗೆ ಅಂದು ಓಡಿದ ದೂರವೇ 1921ರಲ್ಲಿ ಕಾಯಂ ಆಯಿತು. ಬಹುಕಾಲ ಇದು ಕೆಲವೇ ಗಂಡಸರ ಆಟವಾಗಿತ್ತು. ಹೆಣ್ಣಿನ ದೇಹ ಇಷ್ಟು ದೂರ ತಾಳದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಒಲಿಂಪಿಕ್ಸ್‌ಗೆ ಮಹಿಳಾ ಮ್ಯಾರಥಾನ್ ಬಂದದ್ದೇ 1984ರಲ್ಲಿ. ಊಟದ ಕಾಯಿಲೆಯ ರೋಗಿಗಳಲ್ಲಿ ಹುಡುಗಿಯರೇ ಹೆಚ್ಚು ಎಂಬುದನ್ನು ನೆನೆದರೆ, ಈ ಬಾಗಿಲು ತೆರೆಯದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

1979ರಲ್ಲಿ ಕ್ರಿಸ್ ಬ್ರಾಶರ್ ಮತ್ತು ಜಾನ್ ಡಿಸ್ಲೆ ಎಂಬ ಇಬ್ಬರು ಹಳೆಯ ಓಟಗಾರರು ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದರು. ಬ್ರಾಶರ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದವರು. ಡಿಸ್ಲೆ ಅದೇ ಸ್ಪರ್ಧೆಯಲ್ಲಿ 1952ರ ಕಂಚು ಪಡೆದವರು. ಒಂದು ಮಹಾನಗರದ ಎಲ್ಲ ಬಗೆಯ ಜನ ಒಂದೇ ದಿನ ಒಂದೇ ಬೀದಿಯಲ್ಲಿ ಸಂತೋಷದಿಂದ ಓಡಿದ್ದನ್ನು ಕಂಡ ಬ್ರಾಶರ್, ಲಂಡನ್ನಿಗೂ ಇದು ಸಾಧ್ಯವೇ ಎಂದು ಪತ್ರಿಕೆಯಲ್ಲಿ ಕೇಳಿದರು. 1981ರ ಮಾರ್ಚ್ 29ರಂದು ಮೊದಲ ಲಂಡನ್ ಮ್ಯಾರಥಾನ್ ನಡೆದೇಬಿಟ್ಟಿತು. ಮಳೆಯಲ್ಲೇ ಓಡಿ ಗುರಿ ಮುಟ್ಟಿದವರು 6,255 ಜನ. ಮುಂದಿದ್ದ ಅಮೆರಿಕದ ಡಿಕ್ ಬಿಯರ್ಡ್ಸ್ಲೆ ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಕೈ ಕೈ ಹಿಡಿದು ಗೆರೆ ದಾಟಿದರು. ಇದು ಪೈಪೋಟಿಗಿಂತ ಹೆಚ್ಚಿನದೇನೋ ಎಂಬ ಭಾವನೆ ಆ ಮೊದಲ ದಿನವೇ ಜನರ ಮನಸ್ಸಿನಲ್ಲಿ ನಿಂತಿತು.

ದಾನದ ನಂಟು ಬಲವಾದದ್ದು ನಿಧಾನವಾಗಿ. 1988ರಲ್ಲಿ ಅಮೆರಿಕದ ಬ್ರೂಸ್ ಕ್ಲೆಲೆಂಡ್, ರಕ್ತದ ಕ್ಯಾನ್ಸರ್‌ಗೆ ತುತ್ತಾಗಿದ್ದ ಮಗಳ ಕಾರಣಕ್ಕೆ 38 ಜನರ ತಂಡ ಕಟ್ಟಿ ನ್ಯೂಯಾರ್ಕಿನಲ್ಲಿ ಓಡಿಸಿದರು. ಮೂರು ಲಕ್ಷ ಡಾಲರ್‌ಗೂ ಮಿಕ್ಕಿ ಹಣ ಬಂತು. ಲಂಡನ್ 1993ರಲ್ಲಿ 'ಗೋಲ್ಡನ್ ಬಾಂಡ್' ಎಂಬ ಏರ್ಪಾಡನ್ನು ತಂದಿತು. ಸೇವಾಸಂಸ್ಥೆಯೊಂದು ಹಣ ಕೊಟ್ಟು ಕೆಲವು ಸ್ಥಾನಗಳನ್ನು ಕಾದಿರಿಸಿಕೊಳ್ಳುತ್ತದೆ; ತನಗಾಗಿ ನಿಧಿ ಕೂಡಿಸಿಕೊಡುವೆನೆಂದು ಮಾತು ಕೊಟ್ಟವರಿಗೆ ಅದನ್ನು ಹಂಚುತ್ತದೆ. ಆ ಮಾತು ಸಾಮಾನ್ಯವಾಗಿ ಸುಮಾರು 2,000 ಪೌಂಡ್‌ನದು. ಸಾಮಾನ್ಯ ಅರ್ಜಿದಾರರಿಗೆ ಲಾಟರಿಯಲ್ಲಿ ಸ್ಥಾನ ಸಿಗಬೇಕು; 2025ರ ಓಟಕ್ಕೆ 8.4 ಲಕ್ಷ ಅರ್ಜಿಗಳು ಬಂದಿದ್ದವು. ಅದು ಅಷ್ಟು ಕಷ್ಟವಾದ್ದರಿಂದ ಸಂಸ್ಥೆಯ ಮೂಲಕ ಓಡುವುದೇ ಅನೇಕರಿಗೆ ಇರುವ ದಾರಿ. ಹೊಸ ಶತಮಾನದ ಆರಂಭದಲ್ಲಿ ಇಂಟರ್ನೆಟ್ಟಿನಲ್ಲಿ ಹಣ ಕೂಡಿಸುವ ತಾಣಗಳು ಬಂದ ಮೇಲೆ, ಕಾಗದ ಹಿಡಿದು ಮನೆಮನೆ ಅಲೆಯುವುದು ತಪ್ಪಿತು. 2025ರ ಒಂದೇ ಓಟದಿಂದ ಎಲ್ಲ ಸಂಸ್ಥೆಗಳಿಗೂ ಸೇರಿ 8.73 ಕೋಟಿ ಪೌಂಡ್ ಕೂಡಿತು.

ಕಾಯಿಲೆ ವಾಸಿಯಾದರೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು ಧರ್ಮಸ್ಥಳಕ್ಕೋ ಮಲೆಮಹದೇಶ್ವರ ಬೆಟ್ಟಕ್ಕೋ ಹರಕೆ ಹೊರುವ ನಾಡಿನವರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಒಂದು ವ್ಯತ್ಯಾಸವಿದೆ. ಹರಕೆಯ ಕಾರಣವನ್ನು ದೇವರೊಬ್ಬನಿಗೇ ಹೇಳಿ ಸುಮ್ಮನಿರಬಹುದು. ಲಂಡನ್ನಿನ ಓಟಗಾರ್ತಿ ಮಾತ್ರ ತನಗೆ ಏನಾಗಿತ್ತು, ಯಾಕೆ ಓಡುತ್ತಿದ್ದೇನೆ ಎಂದು ಆಫೀಸಿನವರಿಗೆ, ನೆಂಟರಿಗೆ, ಹಳೆಯ ಸಹಪಾಠಿಗಳಿಗೆ ಬರೆದು ತಿಳಿಸುತ್ತಾಳೆ. ಹಾಗೆ ಬರೆದರೇ ಹಣ ಕೇಳುವ ಮಾತಿಗೆ ಬಲ. ಅಂಗಿಯ ಎದೆಯ ಮೇಲೆ ಸಂಸ್ಥೆಯ ಹೆಸರು, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಅವಳದೇ ಹೆಸರು. ಓಟದ ಹಾದಿಯಲ್ಲಿರುವ ಟವರ್ ಬ್ರಿಜ್ ಸೇತುವೆಯ ಮೇಲೆ ಕಿಕ್ಕಿರಿದು ನಿಂತ ಅಪರಿಚಿತರು ಆ ಹೆಸರು ಹಿಡಿದು ಕೂಗುತ್ತಾರೆ. ಸೇತುವೆಯಿಂದ ತುಸು ದೂರದಲ್ಲೇ, ಗಲ್ ಕೆಲಸ ಮಾಡಿದ ಗೈಸ್ ಆಸ್ಪತ್ರೆಯಿದೆ. ಹೆಸರಿಲ್ಲದ ಮಿಸ್ ಎ ಇಂದ ಎದೆಯ ಮೇಲೆ ಹೆಸರು ಬರೆದುಕೊಂಡು ಓಡುವವಳ ತನಕದ ದೂರವೇ ಈ ಪದ್ಧತಿಯ ನಿಜವಾದ ಗಳಿಕೆ. ಕೂಡಿದ ಹಣಕ್ಕಿಂತ ಅದು ದೊಡ್ಡದು.

ಹೀಗೆ ಬಾಯಿಬಿಟ್ಟು ಹೇಳುವ ಧೈರ್ಯವನ್ನು ಪ್ರಸಿದ್ಧರೂ ತುಂಬಿದರು. ಗೋಲ್ಡನ್ ಬಾಂಡ್ ಬಂದ ಅದೇ 1993ರಲ್ಲಿ ರಾಜಕುಮಾರಿ ಡಯಾನಾ ಲಂಡನ್ನಿನ ಸಮ್ಮೇಳನವೊಂದರಲ್ಲಿ ಈ ಕಾಯಿಲೆಗಳ ಬಗ್ಗೆ ಮಾತಾಡಿದರು. 1995ರ ಟಿವಿ ಸಂದರ್ಶನದಲ್ಲಿ ತಮಗೇ ಬುಲಿಮಿಯಾ ಇತ್ತೆಂದು ಒಪ್ಪಿಕೊಂಡರು. 2017ರ ಲಂಡನ್ ಮ್ಯಾರಥಾನ್ ಮಾನಸಿಕ ಆರೋಗ್ಯದ 'ಹೆಡ್ಸ್ ಟುಗೆದರ್' ಅಭಿಯಾನಕ್ಕೆ ಮೀಸಲಾಯಿತು. ಅಂದು ಓಡಿದವರಲ್ಲಿ ತಮ್ಮ ಬುಲಿಮಿಯಾದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದ ಪತ್ರಕರ್ತೆ ಬ್ರಯೊನಿ ಗಾರ್ಡನ್ ಇದ್ದರು. 2020ರಲ್ಲಿ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ತಮ್ಮ ಬುಲಿಮಿಯಾವನ್ನು ಹೇಳಿಕೊಂಡ ಮೇಲೆ, ಇದು ಹುಡುಗಿಯರಿಗಷ್ಟೇ ಬರುವ ಕಾಯಿಲೆ ಎಂಬ ತಪ್ಪು ಕಲ್ಪನೆಗೂ ಪೆಟ್ಟು ಬಿತ್ತು.

ಆದರೆ ಈ ಪದ್ಧತಿಯ ಒಡಲಲ್ಲೇ ಒಂದು ಅಪಾಯವಿದೆ. ಗಲ್ ಕಂಡ ಆ ಚಡಪಡಿಕೆಯ ಓಡಾಟ ಕಾಯಿಲೆಯದೇ ಲಕ್ಷಣ. ತಿಂದದ್ದನ್ನು ಕರಗಿಸಲೇಬೇಕೆಂಬ ಒತ್ತಡದಲ್ಲಿ ಜ್ವರವಿದ್ದರೂ, ಮೂಳೆ ಬಿರುಕು ಬಿಟ್ಟಿದ್ದರೂ ಓಡುವ ರೋಗಿಗಳಿದ್ದಾರೆ. ಕಡಿಮೆ ತಿಂದು ಹೆಚ್ಚು ಓಡುವ ಹುಡುಗಿಯರಲ್ಲಿ ಮುಟ್ಟು ನಿಂತು ಮೂಳೆ ಸವೆಯುವುದನ್ನು ಅಮೆರಿಕದ ಕ್ರೀಡಾ ವೈದ್ಯರು 1990ರ ದಶಕದಲ್ಲಿ ಒಂದೇ ಸಮಸ್ಯೆಯ ಮೂರು ಮುಖಗಳೆಂದು ಗುರುತಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದು ಗಂಡಸರಿಗೂ ಅನ್ವಯಿಸುತ್ತದೆಂದು ಹೇಳಿ, ದೇಹಕ್ಕೆ ಬೇಕಾದಷ್ಟು ಶಕ್ತಿ ದಕ್ಕದ ಸ್ಥಿತಿ ಎಂದು ಹೊಸದಾಗಿ ವಿವರಿಸಿತು. ಅಮೆರಿಕದ ಮಾಲಿ ಸೈಡೆಲ್ ಊಟದ ಕಾಯಿಲೆಗೆ ಚಿಕಿತ್ಸೆ ಪಡೆದು, ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಕಂಚು ಗೆದ್ದವರು. ಪದಕದ ನಂತರವೂ ಕಾಯಿಲೆ ಮರುಕಳಿಸಿತೆಂದು ಅವರೇ ಹೇಳಿಕೊಂಡರು. ಪದಕವೇ ಗುಣವಾದದ್ದಕ್ಕೆ ಪ್ರಮಾಣಪತ್ರವಲ್ಲ ಎಂದ ಮೇಲೆ ಓಟ ಮುಗಿಸಿದ್ದಕ್ಕೆ ಕೊಡುವ ಬಿಲ್ಲೆ ಎಷ್ಟರದು?

ಹಾಗಾದರೆ ಓಡುವುದರಲ್ಲಿ ಅರ್ಥವೇನು ಎಂಬುದಕ್ಕೆ ಉತ್ತರ ತಯಾರಿಯ ತಿಂಗಳುಗಳಲ್ಲಿದೆ. ಓಟಕ್ಕೆ ಇಂಧನವಾಗಿ ದೇಹ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಸುಮಾರು 30 ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತದೆ. ಓಟಗಾರರು ಅದನ್ನು ಗೋಡೆಗೆ ಡಿಕ್ಕಿ ಹೊಡೆಯುವುದು ಎನ್ನುತ್ತಾರೆ. ಅದನ್ನು ತಪ್ಪಿಸಲು ತಿನ್ನಲೇಬೇಕು: ಹಿಂದಿನ ದಿನ ತಟ್ಟೆ ತುಂಬ ಪಾಸ್ತಾ, ಬೆಳಗ್ಗೆ ಗಂಜಿ, ದಾರಿಯಲ್ಲಿ ಸಿಹಿ ಜೆಲ್ ಪೊಟ್ಟಣ. ಒಂದು ತುತ್ತಿಗೂ ಹೆದರಿ ಮೇಜು ಬಿಟ್ಟು ಏಳುತ್ತಿದ್ದವರು ಓಡುತ್ತ ಓಡುತ್ತಲೇ ಜೆಲ್ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಎಷ್ಟು ಕ್ಯಾಲರಿ ಎಂದು ನೋಡದೆ ನುಂಗುವುದು ಸಣ್ಣ ಸಂಗತಿಯಲ್ಲ. ಓಟಕ್ಕಾಗಿ ಊಟ ಎಂಬ ಈ ಕ್ರಮ ತಿರುಗಿ, ಊಟಕ್ಕೆ ದಂಡವಾಗಿ ಓಟ ಎಂದಾದ ದಿನ ಅಂಗಿ ಕಳಚಿಡಬೇಕು. ಆದ್ದರಿಂದ ಇಂಥ ಓಟ ಚಿಕಿತ್ಸೆಯ ಭಾಗವಲ್ಲ, ಚಿಕಿತ್ಸೆ ಮುಗಿದು ಚೇತರಿಕೆ ಗಟ್ಟಿಯಾದ ಮೇಲಿನ ಮಾತು. ಅದೂ ವೈದ್ಯರು ಒಪ್ಪಿದರೆ ಮಾತ್ರ. ಓಡದೆ, ರಸ್ತೆ ಬದಿ ನಿಂತು ಹೆಸರು ಕೂಗಿದವರೂ ಅಷ್ಟೇ ಗುಣವಾದವರು.

ಸೇವೆಗಾಗಿ ಓಡುವ ಪದ್ಧತಿ ಭಾರತಕ್ಕೆ 2004ರ ಮುಂಬೈ ಮ್ಯಾರಥಾನ್, 2008ರ ಬೆಂಗಳೂರಿನ ವರ್ಲ್ಡ್ 10ಕೆ ಓಟಗಳ ಜೊತೆ ಬಂತು. ಅದಕ್ಕೂ ಮುಂಚೆ, 2000ದಲ್ಲೇ, ಪಂಜಾಬ್ ಮೂಲದ ಫೌಜಾ ಸಿಂಗ್ 89ನೆಯ ವಯಸ್ಸಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಸಂಸ್ಥೆಗಾಗಿ ಲಂಡನ್ ಮ್ಯಾರಥಾನ್ ಓಡಿದ್ದರು. ಊಟದ ಕಾಯಿಲೆಯ ಮಾತು ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಹಟ, ಡಯೆಟ್, ಗ್ಯಾಸ್ಟ್ರಿಕ್ ಎಂಬ ಹೆಸರುಗಳಲ್ಲೇ ಕಳೆದುಹೋಗುತ್ತದೆ. ಮಕ್ಕಳೋ ಗೆಳೆಯರೋ ಊಟದ ಹೊತ್ತಿಗೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೋ ಓಟಕ್ಕೋ ಹೊರಡುತ್ತಿದ್ದರೆ, ಗದರಿಸದೆ ಪಕ್ಕದಲ್ಲಿ ಕೂತು ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.