ಸೇನೆಯ ಟೆಕ್ನಿಷಿಯನ್ ಯಾವಾಗ ಉಳಿಯುತ್ತಾನೆ, ಯಾವಾಗ ಬಿಡುತ್ತಾನೆ?

ನಮ್ಮ ಬ್ಯಾರಿ ಮನೆಗಳಲ್ಲಿ ಹುಡುಗ ಡಿಪ್ಲೊಮಾ ಮುಗಿಸಿದರೆ ಮೊದಲು ಬರುವ ಮಾತು ಗಲ್ಫ್‌ನದು. ಗದ್ವಾಲ ಜಿಲ್ಲೆಯ ಐಜದಂಥ ಊರಿನವರಿಗೆ ಸಿಕಂದರಾಬಾದ್ ದೂರವಲ್ಲ. ಸೇನೆಯ ವಾಹನ, ಶಸ್ತ್ರಾಸ್ತ್ರ ರಿಪೇರಿ ಮಾಡುವ ಇಎಂಇ ದಳದ ತರಬೇತಿ ಕೇಂದ್ರ ಅಲ್ಲೇ ಇದೆ. ವಾಯುಸೇನೆಗೆ ಸೇರುವವರಿಗೆ ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ ತರಬೇತಿ ಶಾಲೆ ಇದೆ. ಸೇರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ, ಸೇರಿದವರು ಯಾಕೆ ಬಿಡುತ್ತಾರೆ ಅಂತ ಕೇಳುವವರು ಕಡಿಮೆ.

ಉತ್ತರದ ಮುಕ್ಕಾಲು ಪಾಲು ಪಿಂಚಣಿಯಲ್ಲಿದೆ. ಹಳೆಯ ಪದ್ಧತಿಯಲ್ಲಿ ಏರ್‌ಮನ್‌ನ ಮೊದಲ ಅವಧಿ 20 ವರ್ಷ, ಪಿಂಚಣಿಗೆ ಕನಿಷ್ಠ 15 ವರ್ಷದ ಸೇವೆ ಬೇಕು. 14ನೇ ವರ್ಷಕ್ಕೆ ಬಿಟ್ಟರೆ ಆ ಪಿಂಚಣಿ ಇಲ್ಲ. ಹೀಗಾಗಿ ಹತ್ತು ವರ್ಷ ದಾಟಿದವನು ಹಲ್ಲು ಕಚ್ಚಿ ನಿಲ್ಲುತ್ತಾನೆ. 19ಕ್ಕೆ ಸೇರಿದವನಿಗೆ 20 ವರ್ಷ ಮುಗಿಯುವಾಗ ವಯಸ್ಸು 39. ಕೈಯಲ್ಲಿ ಪಿಂಚಣಿ, ಕುಟುಂಬಕ್ಕೆ ಇಸಿಎಚ್‌ಎಸ್ ಚಿಕಿತ್ಸೆ, ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ. ವ್ಯಾಪಾರಿ ಲೆಕ್ಕದಲ್ಲಿ ನೋಡಿದರೆ ಹೊರಗೆ ಬಂದವನಿಗೆ ಎರಡು ಆದಾಯ, ಉಳಿದವನಿಗೆ ಒಂದೇ. ಆದರೂ ಅವಧಿ ವಿಸ್ತರಣೆ ಸಿಕ್ಕಿ, ಬಡ್ತಿ ಪಡೆದು 57ರ ತನಕ ಇರುವವರೂ ಇದ್ದಾರೆ.

ಡಿಪ್ಲೊಮಾ ಇದ್ದವರಿಗೆ ತಿಂಗಳಿಗೆ 6,200 ರೂಪಾಯಿ ಎಕ್ಸ್ ಗ್ರೂಪ್ ಪೇ ಹೆಚ್ಚಿಗೆ ಸಿಗುತ್ತದೆ. ಬರೀ ಇದಕ್ಕಾಗಿ ಯಾರೂ ಉಳಿಯಲಿಕ್ಕಿಲ್ಲ. ಪದೇ ಪದೇ ವರ್ಗಾವಣೆ, ಮಕ್ಕಳ ಶಾಲೆ, ಊರಲ್ಲಿ ವಯಸ್ಸಾದ ಉಮ್ಮ, ಇವೇ ದೊಡ್ಡ ಭಾರ.

ಬೇಕೆಂದಾಗ ಬಿಡುವುದೂ ಸುಲಭವಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಗೆ ಆಯ್ಕೆಯಾದ ಏರ್‌ಮನ್ ಒಬ್ಬರ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್, ಅವಧಿಯ ನಡುವೆ ತನ್ನಿಷ್ಟದಂತೆ ಸೇವೆ ಬಿಡುವ ಹಕ್ಕಿಲ್ಲ ಎಂದಿತು. ಇನ್ನು ವಿಮಾನದ ಕೆಲಸ ಗೊತ್ತಿದ್ದ ಮಾತ್ರಕ್ಕೆ ನಾಗರಿಕ ವಿಮಾನಕ್ಕೆ ಸಹಿ ಹಾಕಲಾಗದು. ಡಿಜಿಸಿಎ ಪರೀಕ್ಷೆ ಪಾಸಾಗಿ ಎಎಂಇ ಲೈಸೆನ್ಸ್ ಪಡೆಯಬೇಕು.

2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಈ ಲೆಕ್ಕವನ್ನೇ ತಿರುಗಿಸಿತು. ನಾಲ್ಕು ವರ್ಷದ ನಂತರ ಉಳಿಯುವುದು ಗರಿಷ್ಠ ಶೇ. 25 ಮಂದಿ, ಅದೂ ಸೇನೆಯ ಆಯ್ಕೆ. ಉಳಿದವರಿಗೆ ಪಿಂಚಣಿ ಇಲ್ಲ, ಸುಮಾರು 11.71 ಲಕ್ಷದ ಸೇವಾ ನಿಧಿ ಇದೆ. ಅದರಲ್ಲೂ ಅರ್ಧ, ತಿಂಗಳಿಗೆ ಶೇ. 30ರಂತೆ ಅವನ ಸಂಬಳದಿಂದಲೇ ಹಿಡಿದದ್ದು. ಆದ್ದರಿಂದ ಈಗ ಸೇರುವ ಹುಡುಗ ವಿಚಾರಿಸಬೇಕಾದ್ದು ಸಂಬಳವನ್ನಲ್ಲ, ನಾಲ್ಕು ವರ್ಷ ಕಲಿತ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಸಿಗುತ್ತದೆ, ಹೊರಗಿನ ಕಂಪನಿ ಅದನ್ನು ಒಪ್ಪುತ್ತದಾ ಅನ್ನೋದನ್ನು.