ಕಲ್ಲಿನಲ್ಲಿ ಕಟ್ಟಿದ ನಂಬಿಕೆ

ಬ್ಯಾಂಕ್ ಎಂದೊಡನೆ ನಮಗೆ ಪಾಸ್‌ಬುಕ್ಕು, ಕೌಂಟರು, ಸರತಿ ಸಾಲು ನೆನಪಾಗುತ್ತವೆ. ಕಟ್ಟಡ ನೆನಪಾಗುವುದಿಲ್ಲ. ಆದರೆ ಬ್ಯಾಂಕಿನ ಪರವಾಗಿ ಅದರ ಕಟ್ಟಡವೇ ಜನರೊಂದಿಗೆ ಮಾತನಾಡುತ್ತಿದ್ದ ಕಾಲವೊಂದಿತ್ತು. ಲಂಡನ್ನಿನ ಬಿಷಪ್ಸ್‌ಗೇಟ್ ಮತ್ತು ಥ್ರೆಡ್‌ನೀಡಲ್ ಬೀದಿಗಳು ಕೂಡುವಲ್ಲಿ 1865ರಿಂದ ನಿಂತಿರುವ ನ್ಯಾಷನಲ್ ಪ್ರಾವಿನ್ಶಿಯಲ್ ಬ್ಯಾಂಕಿನ ಹಜಾರ ಅದಕ್ಕೆ ಸಾಕ್ಷಿ.

ಹೆಸರೇ ಹೇಳುವಂತೆ ಇದು ರಾಜಧಾನಿಯ ಬ್ಯಾಂಕಲ್ಲ, ಪ್ರಾಂತ್ಯಗಳ ಬ್ಯಾಂಕು. 1833ರಲ್ಲಿ ಹುಟ್ಟಿ ಊರೂರುಗಳಲ್ಲಿ ಶಾಖೆ ತೆರೆದು ತನ್ನದೇ ನೋಟುಗಳನ್ನು ಚಲಾಯಿಸುತ್ತಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡಿನ ಹಿತ ಕಾಯಲು ಮಾಡಿದ ಕಾನೂನಿನಂತೆ ಹೀಗೆ ನೋಟು ಹೊರಡಿಸುವ ಷೇರುದಾರರ ಬ್ಯಾಂಕು ಲಂಡನ್ನಿನ ಸುತ್ತ 65 ಮೈಲಿಯೊಳಗೆ ವ್ಯವಹಾರ ಮಾಡುವಂತಿರಲಿಲ್ಲ. ಆಡಳಿತ ಕಚೇರಿ ಲಂಡನ್ನಿನಲ್ಲಿದ್ದರೂ ಅಲ್ಲಿ ಒಬ್ಬ ಗಿರಾಕಿಯ ಹಣವನ್ನೂ ಮುಟ್ಟುವಂತಿಲ್ಲ! ಕೊನೆಗೆ 1866ರಲ್ಲಿ ನೋಟಿನ ಹಕ್ಕನ್ನೇ ಬಿಟ್ಟುಕೊಟ್ಟು ಅದು ರಾಜಧಾನಿಯ ವ್ಯವಹಾರಕ್ಕಿಳಿಯಿತು. ಈ ಹಜಾರ ಆ ಪ್ರವೇಶಕ್ಕೆ ನಡೆಸಿದ ಸಿದ್ಧತೆ.

ವಾಸ್ತುಶಿಲ್ಪಿ ಜಾನ್ ಗಿಬ್ಸನ್. ಬ್ರಿಟಿಷ್ ಸಂಸತ್ ಭವನದ ಶಿಲ್ಪಿ ಚಾರ್ಲ್ಸ್ ಬ್ಯಾರಿಯ ಶಿಷ್ಯ. ಅಂಗುಲ ಅಂಗುಲಕ್ಕೂ ಬೆಲೆಯಿದ್ದ ಆ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಏರಿಸುವುದು ಯಾರಿಗಾದರೂ ಹೊಳೆಯುವ ಲೆಕ್ಕ. ಗಿಬ್ಸನ್ ಕಟ್ಟಿದ್ದು ಎತ್ತರವಾದ ಒಂದೇ ಅಂತಸ್ತನ್ನು. ಬೀದಿಯ ತಿರುವಿಗೆ ತಕ್ಕಂತೆ ಬಾಗಿದ ಮುಂಗೋಡೆ, ಉದ್ದಕ್ಕೂ ಎಲೆ ಬಿಡಿಸಿದ ಬೋದಿಗೆಗಳ ಕೊರಿಂಥಿಯನ್ ಕಂಬಗಳು, ಒಳಗೆ ಗಾಜಿನ ಗುಮ್ಮಟಗಳಿಂದ ಇಳಿಯುವ ಬೆಳಕು. ಜಾಗವನ್ನು ಹೀಗೆ ‘ವ್ಯರ್ಥ’ ಮಾಡುವುದೇ ಅಲ್ಲಿನ ಜಾಹೀರಾತು. ಇಷ್ಟು ಖರ್ಚು ಮಾಡಬಲ್ಲವರು ನಿಮ್ಮ ಹಣ ತೆಗೆದುಕೊಂಡು ಓಡಿಹೋಗುವವರಲ್ಲ ಎಂದು ಕಲ್ಲು ಹೇಳಬೇಕಿತ್ತು.

ಕಲ್ಲಿಗೆ ಅಂಥ ಅಗತ್ಯವೂ ಇತ್ತು. ಅಂದು ಠೇವಣಿಗೆ ಸರ್ಕಾರದ ವಿಮೆಯಿಲ್ಲ. ಬ್ಯಾಂಕು ಮುಳುಗಿದರೆ ಬಡವನ ಉಳಿತಾಯವೂ ಮುಳುಗಿತು. ಬಿಷಪ್ಸ್‌ಗೇಟಿನ ಬಾಗಿಲು ಗಿರಾಕಿಗಳಿಗೆ ತೆರೆದ ಕೆಲವೇ ತಿಂಗಳಲ್ಲಿ, 1866ರ ಮೇ 10ರಂದು, ಲಂಡನ್ನಿನ ಹೆಸರಾಂತ ಲೇವಾದೇವಿ ಸಂಸ್ಥೆ ಓವರೆಂಡ್ ಗರ್ನಿ ಕುಸಿಯಿತು. ಮರುದಿನದ ಗಾಬರಿಗೆ ಚರಿತ್ರೆಯಲ್ಲಿ ‘ಕಪ್ಪು ಶುಕ್ರವಾರ’ ಎಂದೇ ಹೆಸರಾಗಿದೆ. ನಂಬಿಕೆ ಹೋದಮೇಲೆ ಕಂಬಗಳು ಯಾರನ್ನೂ ಕಾಯುವುದಿಲ್ಲ. ನ್ಯಾಷನಲ್ ಪ್ರಾವಿನ್ಶಿಯಲ್ ಉಳಿದುಕೊಂಡಿತು.

ಕಟ್ಟಡದ ಇನ್ನೊಂದು ಮಾತನ್ನೂ ಕೇಳಬೇಕು. ಕಂಬಗಳ ನಡುವೆ ಜಾನ್ ಹ್ಯಾನ್‌ಕಾಕ್ ಕೆತ್ತಿದ ಉಬ್ಬುಶಿಲ್ಪಗಳಿವೆ: ಕೃಷಿ, ವಾಣಿಜ್ಯ, ವಿಜ್ಞಾನ, ಕೈಗಾರಿಕೆ, ನೌಕಾಯಾನ. ಛಾವಣಿಯಂಚಿನಲ್ಲಿ ಬ್ಯಾಂಕು ವ್ಯವಹರಿಸುತ್ತಿದ್ದ ಊರು, ಸೀಮೆಗಳೇ ಮೂರ್ತಿಗಳಾಗಿ ನಿಂತಿವೆ. ಅವುಗಳಲ್ಲಿ ಮ್ಯಾಂಚೆಸ್ಟರ್ ಕೂಡ ಒಂದು. ಕಟ್ಟಡ ಮೇಲೇಳುತ್ತಿದ್ದಾಗ ಅಮೆರಿಕದಲ್ಲಿ ಅಂತರ್ಯುದ್ಧ. 1861ರಿಂದ 1865ರವರೆಗೆ ಅಲ್ಲಿನ ಹತ್ತಿ ನಿಂತುಹೋಗಿ, ಮ್ಯಾಂಚೆಸ್ಟರಿನ ಕಣ್ಣು ನಮ್ಮ ಧಾರವಾಡ ಸೀಮೆಯ ಕಪ್ಪು ನೆಲದ ಮೇಲೆ ಬಿದ್ದಿತ್ತು. ಆ ಹತ್ತಿಯನ್ನು ಸಾಗಿಸಲು ಕಾರವಾರದ ಬಂದರನ್ನು ಬೆಳೆಸುವ ಯೋಜನೆಗಳೂ ನಡೆದಿದ್ದವು. ಮೂರ್ತಿಯಲ್ಲಿ ನಗರದ ವೈಭವವಿದೆ. ಹತ್ತಿ ಬಿಡಿಸಿದ ಕೈಯಾಗಲಿ, ಮಗ್ಗ ಕಳೆದುಕೊಂಡ ನೇಕಾರನಾಗಲಿ ಅಲ್ಲಿಲ್ಲ.

ಹಾಗಾದರೆ ಇಂಥ ಕಟ್ಟಡವನ್ನು ಉಳಿಸಬೇಕೇಕೆ? ಬಡ್ಡಿಯ ಬಗೆಗೆ ನಮ್ಮಲ್ಲಿ ಹಲವರಿಗೆ ಧರ್ಮದ ಆಕ್ಷೇಪವಿದೆ, ಸಾಮ್ರಾಜ್ಯದ ಬಗೆಗೆ ಎಲ್ಲರಿಗೂ ಇದೆ. ಸ್ವಾರಸ್ಯವೆಂದರೆ, ಇದನ್ನು ಕೆಡವಲು ಹೊರಟವರು ಆಕ್ಷೇಪವಿದ್ದವರಲ್ಲ, ಸ್ವತಃ ಬ್ಯಾಂಕಿನವರೇ. 1960ರ ದಶಕದಲ್ಲಿ ಆ ಜಾಗದಲ್ಲಿ ಗೋಪುರ ಕಟ್ಟಡವೊಂದನ್ನು ಎಬ್ಬಿಸುವ ಯೋಜನೆಯಾಯಿತು. ಹಳೆಯ ಹಜಾರ ಅಡ್ಡಿಯಾಗಿ ಕಂಡಿತು. ಅಷ್ಟರಲ್ಲಿ ಲಂಡನ್ ಬಹಳಷ್ಟು ಕಳೆದುಕೊಂಡಿತ್ತು. ಹತ್ತಿರದಲ್ಲೇ ಜಾನ್ ಸೋನ್ ಕಟ್ಟಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನ ಹಜಾರಗಳನ್ನು ಎರಡು ಮಹಾಯುದ್ಧಗಳ ನಡುವೆ ಕೆಡವಿ, ದೆಹಲಿಯ ಸೆಕ್ರೆಟೇರಿಯಟ್ ಕಟ್ಟಿದ ಹರ್ಬರ್ಟ್ ಬೇಕರ್ ಹೊಸದು ಕಟ್ಟಿದ್ದ. 1962ರಲ್ಲಿ ವಿಕ್ಟೋರಿಯಾ ಕಾಲದ ಕಲ್ಲಿದ್ದಲು ವಿನಿಮಯ ಭವನವೂ ನೆಲಸಮವಾಯಿತು. ಆ ಗಾಯಗಳಿಂದ ಎಚ್ಚೆತ್ತ ಜನ ಈ ಬಾರಿ ವಿರೋಧಿಸಿದರು. ನಕ್ಷೆ ಬದಲಾಯಿತು. 1970ರಲ್ಲಿ ನ್ಯಾಷನಲ್ ಪ್ರಾವಿನ್ಶಿಯಲ್ ಹೆಸರು ನ್ಯಾಟ್‌ವೆಸ್ಟ್ ಬ್ಯಾಂಕಿನಲ್ಲಿ ಕರಗಿತು. 183 ಮೀಟರಿನ ಗೋಪುರ ಹಜಾರವನ್ನು ಬಿಟ್ಟು ಹಿಂದೆ ಸರಿದು ಎದ್ದಿತು.

ಇಂದು ಹಜಾರ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಈ ದರ್ಜೆಯವು ಶೇಕಡಾ 2.5ರಷ್ಟು ಮಾತ್ರ. ಪಟ್ಟಿಗೆ ಸೇರಿದ ಮೇಲೆ ಕೆಡವಲಿಕ್ಕಷ್ಟೇ ಅಲ್ಲ, ಹೊರಗಾಗಲಿ ಒಳಗಾಗಲಿ ಅದರ ಸ್ವರೂಪ ಕೆಡುವಂತೆ ಬದಲಿಸಲಿಕ್ಕೂ ಅಪ್ಪಣೆ ಬೇಕು. ಬ್ಯಾಂಕು ಹೋಗಿ ಅದು ಗಿಬ್ಸನ್ ಹಾಲ್ ಎಂಬ ಸಮಾರಂಭ ಭವನವಾಯಿತು. ಹೊಸ ಗೋಪುರವಾದರೋ 1993ರ ಏಪ್ರಿಲ್ 24ರಂದು ಐರಿಷ್ ಉಗ್ರರ ಬಾಂಬಿಗೆ ತೀವ್ರವಾಗಿ ಜಖಂಗೊಂಡಿತು. ಬ್ಯಾಂಕು ಅಲ್ಲಿಂದಲೂ ಹೊರಟುಹೋಯಿತು. ಅದರ ಹೆಸರೀಗ ಟವರ್ 42.

ಈ ಕಾನೂನಿನ ಹಿಂದಿರುವ ವಿಚಾರ ನಮಗೆ ಅಪರಿಚಿತವೇನಲ್ಲ. ವಕ್ಫ್ ಆಸ್ತಿಯನ್ನು ನೋಡಿಕೊಳ್ಳುವ ಮುತವಲ್ಲಿ ಅದರ ಒಡೆಯನಲ್ಲ, ಅಮಾನತು ಕಾಯುವವನು. ಸಂರಕ್ಷಿತ ಕಟ್ಟಡದ ಮಾಲೀಕ ಒಡೆಯನೇ ಆದರೂ ಅವನ ಒಡೆತನಕ್ಕೆ ಅಂಥದೇ ಒಂದು ಮಿತಿ ಇದೆ: ಬೀದಿಯಲ್ಲಿ ನಡೆದುಹೋಗುವವನಿಗೂ, ಇನ್ನೂ ಹುಟ್ಟದವನಿಗೂ ಅದರಲ್ಲಿ ಪಾಲಿದೆ. ಆ ಪಾಲು ಕೇವಲ ಅಂದದ್ದಲ್ಲ. ಕಟ್ಟಡ ನಿಂತಿದ್ದರೆ ಅದು ಹೇಳಿದ್ದನ್ನೂ ಮುಚ್ಚಿಟ್ಟದ್ದನ್ನೂ ನಾವು ಪ್ರಶ್ನಿಸಬಹುದು. ನೆಲಸಮವಾದ ಕಟ್ಟಡವನ್ನು ಯಾರೂ ಪಾಟೀಸವಾಲಿಗೆ ಕರೆಯಲಾರರು. ನಮ್ಮ ಊರಿನ ಹಳೆಯ ಮಸೀದಿ, ಛತ್ರ, ಕಚೇರಿಗಳ ಪಕ್ಕದಲ್ಲಿ ಬುಲ್ಡೋಜರ್ ಬಂದು ನಿಲ್ಲುವ ಮೊದಲೇ ಅವುಗಳ ಹೆಸರು ಒಂದು ಪಟ್ಟಿಯಲ್ಲಿ ಇರಬೇಕಾದದ್ದು ಇದಕ್ಕಾಗಿಯೇ.